ಕೂದಲೆಳೆಯಲ್ಲಿ ಪಾರಾದದ್ದನ್ನು ಡಿಪೋದಲ್ಲಿ ಹೇಳಿದರೆ ಮೆಮೊ ಯಾಕೆ?

ಡಬಲ್ ಬೆಲ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೈಯಬೇಡಿ.

ನಾನು ಸರಕಾರಿ ಬಸ್ಸಿನ ಕಂಡಕ್ಟರ್. ಯಾವ ಡಿಪೋ ಅಂತ ಕೇಳಬೇಡಿ. ಕಾಸರಗೋಡಿನಲ್ಲಿ ಎರಡು ರಾಜ್ಯದ ಬಸ್ಸುಗಳೂ ಓಡುತ್ತವೆ, ಅದರಲ್ಲಿ ಒಂದು ಅಂತ ಇಟ್ಟುಕೊಳ್ಳಿ.

ಕಳೆದ ಮಳೆಗಾಲದ ಕತೆ. ಬೆಂಗಳೂರಿನಿಂದ ವಾಪಸ್ ಬರುವ ರಾತ್ರಿ ಬಸ್ಸು. ಮಡಿಕೇರಿ ಘಾಟಿ ಇಳಿದು ಸಂಪಾಜೆ ದಾಟಿದ್ದೆವು. ಬೆಳಗಿನ ಜಾವ ನಾಲ್ಕರ ಹತ್ತಿರ. ಘಾಟಿಯಲ್ಲಿ ಯಾವ ಡ್ರೈವರಿಗೂ ನಿದ್ದೆ ಬರುವುದಿಲ್ಲ, ತಿರುವು ತಿರುವಿಗೂ ಕೈಕಾಲಿಗೆ ಕೆಲಸ ಇರುತ್ತದೆ. ನಿದ್ದೆ ಬರುವುದು ಇಳಿದ ಮೇಲೆ. ಅರಂತೋಡಿನ ಕಡೆ ರಸ್ತೆ ಸ್ವಲ್ಪ ಸುಲಭ ಆಯ್ತು ಅನ್ನುವಾಗ. ವೈಪರ್ ಒಂದೇ ತಾಳದಲ್ಲಿ ಬಡಿಯುತ್ತಿತ್ತು. ನಾನು ಎಡಗಡೆ ಮುಂದಿನ ಸೀಟಿನಲ್ಲಿ ಕೂತು ಟಿಕೆಟ್ ಲೆಕ್ಕ ನೋಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಚಕ್ರದ ಶಬ್ದ ಬದಲಾಯಿತು. ಒದ್ದೆ ಡಾಮರಿನ ಸುಯ್ಯ್ ಹೋಗಿ ಎಡಚಕ್ರದಡಿ ಜಲ್ಲಿ ಕರಕರ ಅಂದಿತು. ತಲೆ ಎತ್ತಿ ನೋಡಿದರೆ ರಸ್ತೆ ಅಂಚಿನ ಬಿಳಿ ಗೆರೆ ನಮ್ಮ ಬಲಕ್ಕೆ ಉಂಟು. "ಅಣ್ಣಾ!" ಅಂತ ಕಿರುಚಿ ಬೆಲ್ಲಿನ ಹಗ್ಗ ಎಳೆದೆ. ಎಷ್ಟು ಸಲ ಎಳೆದೆನೋ ಗೊತ್ತಿಲ್ಲ. ಅವರು ಗಕ್ಕನೆ ಸ್ಟೇರಿಂಗ್ ತಿರುಗಿಸಿದರು. ಬಸ್ಸು ನಿಂತಿತು. ಹಿಂದಿನಿಂದ ಒಬ್ಬರು ಅಜ್ಜಿ ಮಾತ್ರ ಎದ್ದು "ಸುಳ್ಯ ಬಂತಾ ಮಗಾ?" ಅಂತ ಕೇಳಿದರು. ಉಳಿದವರಿಗೆ ಇವತ್ತಿಗೂ ವಿಷಯ ಗೊತ್ತಿಲ್ಲ.

ಅಣ್ಣ ಕುಡಿಯುವವರಲ್ಲ, ಫೋನ್ ಹಿಡಿಯುವವರಲ್ಲ. ಆದರೆ ಅದಕ್ಕೆ ಎರಡು ದಿನ ಮೊದಲು ಬೆಳಿಗ್ಗೆ ಲೋಕಲ್ ಟ್ರಿಪ್ ಮಾಡಿ, ಬದಲಿ ಡ್ರೈವರ್ ಬಾರದ್ದಕ್ಕೆ ಅದೇ ರಾತ್ರಿ ಬೆಂಗಳೂರಿಗೆ ಹೊರಟವರು. ಅಲ್ಲಿ ಹಗಲು ಮಲಗಿದ್ದು ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ. ಶೆಕೆ, ಸೊಳ್ಳೆ, ಪಕ್ಕದ ಬಸ್ಸಿನ ಹಾರ್ನ್.

ಡಿಪೋಗೆ ಬಂದು ಅವರೇ ಹೇಳಿದರು. "ಸಾರ್, ಹೀಗೆ ಕಣ್ಣು ಹೋಯ್ತು. ಈ ಡ್ಯೂಟಿ ಹಾಕುವ ಕ್ರಮ ಸ್ವಲ್ಪ ನೋಡಿ." ಮೂರನೇ ದಿನ ಮೆಮೊ ಬಂತು. ನಿರ್ಲಕ್ಷ್ಯ ಅಂತ. ಡ್ಯೂಟಿ ಹಾಕುವ ಕ್ರಮ ಹಾಗೆಯೇ ಉಂಟು.

ಆಮೇಲೆ ನಮ್ಮಲ್ಲಿ ಎಲ್ಲರೂ ಒಂದು ಪಾಠ ಕಲಿತೆವು. ಪೆಟ್ಟಾಗದಿದ್ದರೆ ಬಾಯಿ ಬಿಡಬಾರದು. ನನ್ನ ಪ್ರಶ್ನೆ ಇಷ್ಟೇ. ಇದು ಬೇರೆ ಕಡೆಯೂ ಹೀಗೆಯಾ? ಸರಿ ಮಾಡಿದವರು ಯಾರಾದರೂ ಇದ್ದಾರಾ?

ಕುಂಬಳೆ ಪ್ಯಾಸೆಂಜರ್

ನಿದ್ದೆ ಬಂದರೆ ಬಸ್ಸು ಬದಿಗೆ ನಿಲ್ಲಿಸಬೇಕಿತ್ತು. ನಲವತ್ತು ಜನರ ಜೀವ ಅದು. ಮೆಮೊ ಕೊಟ್ಟದ್ದರಲ್ಲಿ ತಪ್ಪೇನು?

ಡಬಲ್ ಬೆಲ್

ನಿಲ್ಲಿಸಬೇಕಿತ್ತು, ಒಪ್ಪುತ್ತೇನೆ. ನಿಲ್ಲಿಸಿ ಅರ್ಧ ಗಂಟೆ ಲೇಟಾಗಿ ಬಂದರೂ ವಿವರಣೆ ಬರೆಯಬೇಕು ಅಣ್ಣ. ಎರಡು ಕಡೆಯಿಂದಲೂ ಪೆಟ್ಟು.

ಸ್ಪ್ಯಾನರ್ ಹದಿನಾಲ್ಕು

ನಾನು ಗ್ಯಾರೇಜಿನವ. ಬಸ್ಸಿನ ಸುರಕ್ಷತೆ ಅಂದರೆ ಎಲ್ಲರಿಗೂ ರಸ್ತೆ ಮಾತ್ರ ನೆನಪಾಗುತ್ತದೆ. ಬಸ್ಸಿನ ಅಡಿಯಲ್ಲಿ ಮಲಗುವ ನಾವೂ ಮನುಷ್ಯರೇ ಅಲ್ವಾ?

ಬಸ್ಸಿನ ಅಡಿ ನಿಂತು ರಿಪೇರಿ ಮಾಡುವ ನಮ್ಮ ಗುಂಡಿಯಲ್ಲಿ ಮಳೆಗಾಲದಲ್ಲಿ ಪಾದ ಮುಳುಗುವಷ್ಟು ನೀರು. ಮೇಲೆ ಆಯಿಲ್ ತೇಲುತ್ತಿರುತ್ತದೆ. ಅದರೊಳಗೆ ನಿಂತು 230 ವೋಲ್ಟಿನ ಬಲ್ಬು ವಯರಿನಲ್ಲಿ ಕಟ್ಟಿ ಕೈಯಲ್ಲಿ ಹಿಡಿದು ಬ್ರೇಕ್ ನೋಡುವುದು. 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಬರೆದಿತ್ತು, ತಕ್ಕ ರಕ್ಷಣೆ ಇಲ್ಲದೆ ಗುಂಡಿಯೊಳಗೆ ಕೈದೀಪ 24 ವೋಲ್ಟಿಗಿಂತ ಜಾಸ್ತಿ ಇರಬಾರದು ಅಂತ. ಯೂನಿಯನ್ನಿನವರು ಓದಿ ಹೇಳಿದ ಮೇಲೆ ನನಗೂ ಗೊತ್ತಾದದ್ದು. ನನ್ನ ತಂದೆ ಹುಟ್ಟುವ ಮೊದಲಿನ ಕಾನೂನು ಮಾರಾಯ್ರೆ.

ಎರಡು ವರ್ಷದ ಹಿಂದೆ ಜಾಕಿ ಜಾರಿ ನನ್ನ ಎಡಗೈಯ ಕಿರುಬೆರಳಿನ ತುದಿ ಹೋಯಿತು. ಕೇಳಿದ ಮೊದಲ ಪ್ರಶ್ನೆ, "ಗ್ಲೌಸ್ ಹಾಕಿದ್ದೆಯಾ?" ಗ್ಲೌಸ್ ಹಾಕಿದ್ದರೆ ಬಸ್ಸು ಹಗುರ ಆಗುತ್ತಿತ್ತಾ? ಜಾಕಿಯ ಕೆಳಗೆ ಇಡಲು ಗಟ್ಟಿ ಸ್ಟ್ಯಾಂಡ್ ಯಾಕಿರಲಿಲ್ಲ, ನೆಲ ಯಾಕೆ ಇಳಿಜಾರು, ಒಬ್ಬನೇ ಯಾಕೆ ಮಾಡುತ್ತಿದ್ದೆ, ಇದನ್ನು ಯಾರೂ ಕೇಳಲಿಲ್ಲ. ಗ್ಲೌಸ್ ಅಂತೂ ಬಂತು. ಸ್ಟ್ಯಾಂಡ್ ಇನ್ನೂ ಬಂದಿಲ್ಲ.

ಇನ್ನೊಂದು ಗುಟ್ಟು ಹೇಳುತ್ತೇನೆ. ಡ್ರೈವರ್ ದೂರಿನ ಪುಸ್ತಕದಲ್ಲಿ "ಬ್ರೇಕ್ ಎಡಕ್ಕೆ ಎಳೆಯುತ್ತದೆ" ಅಂತ ಬರೆಯುತ್ತಾನೆ. ಬೆಳಿಗ್ಗೆ ಐದಕ್ಕೆ ಬಸ್ಸು ಹೊರಡಬೇಕು. ಲೈನರ್, ಅಂದರೆ ಬ್ರೇಕಿನ ಸವೆಯುವ ಪಟ್ಟಿ, ಸ್ಟಾಕ್ ಇಲ್ಲ. ಅಡ್ಜಸ್ಟರ್ ಎರಡು ಸುತ್ತು ಬಿಗಿ ಮಾಡಿ "ಸರಿಪಡಿಸಿದೆ" ಅಂತ ಬರೆಯುತ್ತೇವೆ. ಮರುದಿನ ಮತ್ತೆ ಅದೇ ದೂರು. ನಾಲ್ಕನೇ ದಿನ ಡ್ರೈವರಿಗೆ ಬೇಸರ, ಬರೆಯುವುದೇ ಬಿಡುತ್ತಾನೆ. ಆಗ ಪುಸ್ತಕ ನೋಡಿದವರಿಗೆ ಬಸ್ಸು ಪರ್ಫೆಕ್ಟ್.

ನಿವೃತ್ತ ಕಂಟ್ರೋಲರ್

ಎಲ್ಲರ ಮಾತೂ ಓದಿದೆ. ನನ್ನದು ಸ್ವಲ್ಪ ಕಹಿ ಆಗಬಹುದು.

ನಾನು ಡ್ಯೂಟಿ ಹಾಕುವ ಕುರ್ಚಿಯಲ್ಲಿ ತುಂಬಾ ವರ್ಷ ಕೂತವ. ಬೆಳಿಗ್ಗೆ ಐದೂವರೆಗೆ ಮೂರು ಡ್ರೈವರ್ ರಜೆ ಅಂತ ಫೋನ್ ಮಾಡುತ್ತಾರೆ. ಅತ್ತ ಮುಳ್ಳೇರಿಯದಲ್ಲಿ ಶಾಲೆ ಮಕ್ಕಳು ನಿಂತಿರುತ್ತಾರೆ. ಟ್ರಿಪ್ ಕಟ್ ಆದರೆ ಮೇಲಿನಿಂದ ನನಗೆ ಬೈಗುಳ, ಕೆಳಗಿನಿಂದ ಪಂಚಾಯತಿನವರ ಫೋನ್. "ಒಂದು ಟ್ರಿಪ್ ಎಳೆದುಬಿಡು ಮಾರಾಯ" ಅಂತ ನಾನೇ ಎಷ್ಟು ಜನರಿಗೆ ಹೇಳಿದ್ದೇನೋ. ನಾನು ಅವರ ನಿದ್ದೆ ಕೇಳಲಿಲ್ಲ. ನನ್ನ ನಿದ್ದೆಯನ್ನೂ ಯಾರೂ ಕೇಳಲಿಲ್ಲ ಅನ್ನಿ.

ಆದರೆ ಒಂದು ಹೇಳಿ. ಹೇಳಿದವನಿಗೆಲ್ಲ ಮಾಫಿ ಅಂತ ಆದರೆ ಶಿಸ್ತು ಎಲ್ಲಿರುತ್ತದೆ? ಫೋನಿನಲ್ಲಿ ಮಾತಾಡುತ್ತಾ ಗುದ್ದಲು ಹೋದವನೂ ಬಂದು "ಸಾರ್, ಕೂದಲೆಳೆಯಲ್ಲಿ ಪಾರಾದೆ" ಅಂತಾನೆ. ಅವನಿಗೂ ಬೆನ್ನು ತಟ್ಟಬೇಕಾ?

ಹೊಸಂಗಡಿ ಹುಡುಗ, ಈಗ ಅಬುಧಾಬಿ

ಸಾರ್, ಒಳ್ಳೆ ಪ್ರಶ್ನೆ. ನಾನು ಇಲ್ಲಿ ಬಸ್ಸು ಓಡಿಸುವ ಒಂದು ಕಂಪನಿಯ ಸೇಫ್ಟಿ ವಿಭಾಗದಲ್ಲಿ ಇದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳಿಗೆ ಒಂದು ವ್ಯವಸ್ಥೆ ಉಂಟು. ತಪ್ಪಿಹೋದದ್ದನ್ನು, ಸ್ವಲ್ಪದರಲ್ಲಿ ಪಾರಾದದ್ದನ್ನು ಅವರೇ ಬರೆದು ಕಳಿಸುತ್ತಾರೆ. ಚೆಂದ ಇರುವುದು ಎಲ್ಲಿ ಅಂದರೆ, ಅದು ಹೋಗುವುದು ದಂಡ ಹಾಕುವ ಇಲಾಖೆಗೆ ಅಲ್ಲ, ನಾಸಾಕ್ಕೆ. ನಾಸಾದವರು ಹೆಸರು ತೆಗೆದು ವಿಷಯ ಮಾತ್ರ ಇಟ್ಟುಕೊಳ್ಳುತ್ತಾರೆ. ಹತ್ತು ದಿನದೊಳಗೆ ಬರೆದರೆ, ಬೇಕೆಂದು ಮಾಡದ ತಪ್ಪಿಗೆ ದಂಡದಿಂದ ರಿಯಾಯಿತಿ. ಅಪರಾಧಕ್ಕೆ ಆ ರಿಯಾಯಿತಿ ಇಲ್ಲ, ಅಪಘಾತಕ್ಕೂ ಇಲ್ಲ. ಅಂದರೆ ಎಲ್ಲರಿಗೂ ಮಾಫಿ ಅಲ್ಲ ಸಾರ್.

ನಮ್ಮಲ್ಲಿ ಮೂರು ರಾಶಿ ಮಾಡುತ್ತೇವೆ. ಕೈತಪ್ಪು ಒಂದು, ಅದು ಯಾರಿಗೂ ಆಗಬಹುದು. ಎಲ್ಲರೂ ಮಾಡುವ ಅಡ್ಡದಾರಿ ಇನ್ನೊಂದು, ಅಂದರೆ ಸ್ಪ್ಯಾನರ್ ಅಣ್ಣ ಹೇಳಿದ "ಎರಡು ಸುತ್ತು ಬಿಗಿ ಮಾಡಿ ಸರಿಪಡಿಸಿದೆ" ಅನ್ನುವಂಥದ್ದು. ಅಲ್ಲಿ ಮನುಷ್ಯನನ್ನಲ್ಲ, ಸ್ಟಾಕ್ ಯಾಕಿಲ್ಲ ಅಂತ ನೋಡಬೇಕು. ಮೂರನೆಯದು ಗೊತ್ತಿದ್ದೂ ಮಾಡುವ ಹುಚ್ಚಾಟ. ನಿಮ್ಮ ಫೋನಿನ ಡ್ರೈವರ್ ಅಲ್ಲಿಗೆ. ಅವನಿಗೆ ಮೆಮೊ ಕೊಡಿ, ಮನೆಗೂ ಕಳಿಸಿ. ಯಾವ ರಾಶಿ ಅಂತ ಗೊಂದಲ ಆದರೆ ಒಂದು ಪ್ರಶ್ನೆ ಸಾಕು. ಅದೇ ಡ್ಯೂಟಿ, ಅದೇ ನಿದ್ದೆಗೆಟ್ಟ ಸ್ಥಿತಿಯಲ್ಲಿ ಬೇರೆ ಒಳ್ಳೆ ಡ್ರೈವರ್ ಇದ್ದಿದ್ದರೆ ಅವನಿಗೂ ಹೀಗೆ ಆಗುತ್ತಿತ್ತಾ? ಆಗುತ್ತಿತ್ತು ಅಂದರೆ ತಪ್ಪು ಡ್ಯೂಟಿ ಚಾರ್ಟಿನದ್ದು.

ನಮ್ಮ ಕಂಪನಿಯನ್ನು ಹೊಗಳುತ್ತಿಲ್ಲ. ಇಂಥದ್ದನ್ನು ಬರೆದು ಕೊಡಲು ಮೊದಲು ಕಾರ್ಡ್ ಇಟ್ಟಾಗ ಯಾರೂ ಬರೆಯಲಿಲ್ಲ. ಆಮೇಲೆ ತಿಂಗಳಿಗೆ ಒಬ್ಬರು ಇಷ್ಟು ಬರೆಯಲೇಬೇಕು ಅಂತ ಮಾಡಿದರು. ಎಲ್ಲರೂ "ಕ್ಯಾಂಟೀನಿನ ನೆಲ ಒದ್ದೆ ಇತ್ತು" ಅಂತ ಬರೆದು ಕೊಟ್ಟರು. ಕಾರ್ಡು ರಾಶಿ ಬಿತ್ತು, ಪ್ರಯೋಜನ ಸೊನ್ನೆ.

ಪೆರ್ಲದ ಅಕ್ಕ

ನಾನೂ ಕಂಡಕ್ಟರ್. ಹತ್ತು ವರ್ಷ ಆಯಿತು. ನನ್ನದು ಬೇರೆ ವಿಷಯ, ಆದರೆ ಇದೂ ಸುರಕ್ಷತೆಯೇ.

ನಾನು ಡ್ಯೂಟಿ ದಿನ ಬೆಳಿಗ್ಗೆ ಒಂದು ಲೋಟ ಚಾ ಕುಡಿದರೆ ಮತ್ತೆ ಮಧ್ಯಾಹ್ನದವರೆಗೆ ನೀರು ಮುಟ್ಟುವುದಿಲ್ಲ. ಕುಡಿದರೆ ಹೋಗುವುದೆಲ್ಲಿ? ಟ್ರಿಪ್ ಮುಗಿಯುವ ಜಾಗದಲ್ಲಿ ಒಂದು ಅಂಗಡಿ, ಒಂದು ಮರ, ಒಂದು ಬೋರ್ಡು. ಗಂಡಸರಿಗೆ ಮರ ಸಾಕು. ನಾನು ಒಬ್ಬರ ಮನೆಯಲ್ಲಿ ಕೇಳಿಕೊಂಡು ಹೋಗುತ್ತೇನೆ. ಆ ಮನೆಯ ಅಮ್ಮ ಪಾಪ, ನನ್ನ ಬಸ್ಸಿನ ಶಬ್ದ ಕೇಳಿದರೆ ಹಿತ್ತಿಲ ಬಾಗಿಲು ತೆಗೆದಿಡುತ್ತಾರೆ. ಅವರು ಮಗಳ ಮನೆಗೆ ಹೋದ ದಿನ ನನ್ನ ಗತಿ ಕೇಳಬೇಡಿ. ಎರಡು ಸಲ ಉರಿಮೂತ್ರ ಆಗಿ ಆಂಟಿಬಯೋಟಿಕ್ ತಗೊಂಡೆ. ಡಾಕ್ಟರ್ ಹೇಳಿದ್ದು, "ನೀರು ಜಾಸ್ತಿ ಕುಡಿಯಿರಿ."

ಹೊಟ್ಟೆ ಹಿಡಿದುಕೊಂಡು ನಿಂತವಳಿಗೆ ಫುಟ್‌ಬೋರ್ಡಿನಲ್ಲಿ ಮಗು ಇನ್ನೂ ಇಳಿಯುತ್ತಾ ಉಂಟಾ ಅಂತ ಗಮನ ಇರುತ್ತದಾ? ಒಂದು ದಿನ ಇರಲಿಲ್ಲ. ಬೆಲ್ ಕೊಟ್ಟುಬಿಟ್ಟೆ. ಬಸ್ಸು ಒಂದಡಿ ಹೋಯಿತು. ಹುಡುಗಿಯ ಚಪ್ಪಲಿ ಮಾತ್ರ ಮೆಟ್ಟಿಲಲ್ಲಿ ಉಳಿಯಿತು, ಹುಡುಗಿಗೆ ಏನೂ ಆಗಲಿಲ್ಲ. ಇದನ್ನು ಇವತ್ತೇ ಮೊದಲ ಸಲ ಹೇಳುತ್ತಿರುವುದು. ಗಂಡನಿಗೂ ಹೇಳಿಲ್ಲ.

ನಿವೃತ್ತ ಕಂಟ್ರೋಲರ್

ಅಕ್ಕಾ, ಇಷ್ಟು ವರ್ಷದಲ್ಲಿ ಟ್ರಿಪ್ ಮುಗಿಯುವ ಜಾಗ ಎಲ್ಲಿ ಅಂತ ನಾವು ನಿರ್ಧರಿಸಿದ್ದು ಬಸ್ಸು ತಿರುಗಿಸಲು ಜಾಗ ಉಂಟಾ ಅಂತ ನೋಡಿ ಮಾತ್ರ. ಸತ್ಯ ಹೇಳಿದೆ.

ಬದಿಯಡ್ಕ ಭಾವ

ನಡುವೆ ಒಂದು ಸಣ್ಣ ಮಾತು. ಗಾಳಿ ಬ್ರೇಕಿನ ಟ್ಯಾಂಕಿನಿಂದ ದಿನಾ ನೀರು ಇಳಿಸಬೇಕು ಅಂತ ಸುತ್ತೋಲೆ ಬರುತ್ತದೆ. ಸುತ್ತೋಲೆ ಮಲಯಾಳದಲ್ಲಿ. ನಾನು ಕನ್ನಡ ಶಾಲೆಯಲ್ಲಿ ಕಲಿತವ. ಮಾತಾಡಲು ಮಲಯಾಳ ಚೆನ್ನಾಗಿ ಬರುತ್ತದೆ, ಪೇಟೆಯಲ್ಲಿ ಬೇಕೇ ಬೇಕು. ಓದಲು ಕಷ್ಟ. "ಏನು ಬರೆದಿದ್ದಾರೆ ಚೇಟ್ಟ" ಅಂತ ಕೇಳಲು ನಾಚಿಕೆ. ಸಹಿ ಹಾಕಿ ಕೊಡುತ್ತೇನೆ. ಸಹಿ ಉಂಟು ಅಂದ ಮೇಲೆ ನಾನು ಓದಿದ್ದೇನೆ ಅಂತಲೇ ಲೆಕ್ಕ. ಇದು ಭಾಷಾ ಹೋರಾಟದ ಮಾತಲ್ಲ, ಬ್ರೇಕಿನ ಮಾತು.

ಸ್ಪ್ಯಾನರ್ ಹದಿನಾಲ್ಕು

ಭಾವಾ, ಇನ್ನು ಮುಂದೆ ನನಗೆ ಫೋಟೋ ಕಳಿಸು. ಓದಿ ವಾಯ್ಸ್ ಹಾಕುತ್ತೇನೆ. ಆ ನೀರು ಇಳಿಸದಿದ್ದರೆ ವಾಲ್ವ್ ತುಕ್ಕು ಹಿಡಿಯುತ್ತದೆ, ನಮ್ಮ ಊರಿನ ಹವೆಗೆ ಇನ್ನೂ ಬೇಗ.

ಮನೆಯವಳು

ನನ್ನ ಗಂಡ ಡ್ರೈವರ್. ನಾನು ಇಲ್ಲಿ ಓದುವವಳು ಮಾತ್ರ, ಬರೆಯುವವಳಲ್ಲ. ಆದರೆ ನಿದ್ದೆ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ರಾತ್ರಿ ಡ್ಯೂಟಿ ಮುಗಿಸಿ ಏಳಕ್ಕೆ ಬರುತ್ತಾರೆ. ಎಂಟೂವರೆಗೆ ಮಲಗುತ್ತಾರೆ. ನಾನು ಆಮೇಲೆ ಮಿಕ್ಸಿ ಹಾಕುವುದಿಲ್ಲ. ಮಕ್ಕಳಿಗೆ ರಜೆ ಇದ್ದರೆ ಅತ್ತೆಯ ಮನೆಗೆ ಕಳಿಸುತ್ತೇನೆ. ಹನ್ನೊಂದಕ್ಕೆ ಫೋನ್. ಡಿಪೋದಿಂದ. "ಸಂಜೆ ಬೇಗ ಬರ್ತೀರಾ?" ಅಂತ ಕೇಳಲು. ಎರಡೂವರೆ ಗಂಟೆ ನಿದ್ದೆ ಮಾಡಿದವರನ್ನು ಎಬ್ಬಿಸಿ ಕೇಳುತ್ತಾರೆ. ಫೋನ್ ಆಫ್ ಮಾಡಿದರೆ ಅದಕ್ಕೂ ಮಾತು. ಸಂಜೆ ಹೋದಾಗ ಬಾಯಿಗೆ ಮಿಷನ್ ಇಟ್ಟು ಊದಿಸುತ್ತಾರಂತೆ, ಕುಡಿದಿದ್ದಾರಾ ಅಂತ. ಊದಿಸಲಿ, ಒಳ್ಳೆಯದೇ. ನಿದ್ದೆ ಆಯ್ತಾ ಅಂತ ಒಬ್ಬರೂ ಕೇಳುವುದಿಲ್ಲ.

ಹೊಸಂಗಡಿ ಹುಡುಗ, ಈಗ ಅಬುಧಾಬಿ

ಅಕ್ಕಾ, ನೀವು ಹೇಳಿದ್ದನ್ನು ಲ್ಯಾಬಿನಲ್ಲಿ ಅಳೆದು ನೋಡಿದವರಿದ್ದಾರೆ. 17 ಗಂಟೆ ಎಚ್ಚರ ಇದ್ದವನ ಕೈ ಕಣ್ಣು, ರಕ್ತದಲ್ಲಿ 100 ಮಿಲಿಗೆ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವನ ಹಾಗೆ ನಿಧಾನ ಆಗುತ್ತದೆ. ನಮ್ಮ ದೇಶದಲ್ಲಿ ಡ್ರೈವರಿಗೆ ಮಿತಿ 30. ಅಂದರೆ ಮಿಷನ್ ಪಾಸ್ ಮಾಡಿದವನೂ ಫೇಲ್ ಆಗಿರಬಹುದು. (2025ರಲ್ಲಿ ಕೇರಳದ ಪಂದಳಂ ಡಿಪೋದಲ್ಲಿ ಹಲಸಿನ ಹಣ್ಣು ತಿಂದವರು ಆ ಮಿಷನ್ನಿನಲ್ಲಿ ಸಿಕ್ಕಿಬಿದ್ದಿದ್ದರು, ನೆನಪುಂಟಾ? ಹಲಸು ಹಿಡಿಯುವ ಮಿಷನ್ ಉಂಟು, ನಿದ್ದೆ ಹಿಡಿಯುವುದು ಇಲ್ಲ.)

ಕಾನೂನು ಹೊಸದೇನೂ ಅಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48. ಸತತ 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ. ಒಂದು ದಿನದ ಡ್ಯೂಟಿ ಮುಗಿದು ಮರುದಿನದ್ದು ಶುರುವಾಗುವ ನಡುವೆ ಕಡಿಮೆ ಅಂದರೂ ಒಟ್ಟಿಗೆ 9 ಗಂಟೆ ಬಿಡುವು. ದೂರದ ರೂಟಿಗೆ ಸ್ವಲ್ಪ ಸಡಿಲಿಕೆ ಇತ್ತು, ನಿಜ. ಆದರೆ ಆ 9 ಗಂಟೆಯ ನಡುವೆ ಫೋನ್ ಮಾಡಿದರೆ ಅದು ಬಿಡುವಾ?

ಇನ್ನೊಂದು ಮಾತು ಹೇಳಬೇಕು, ಬೇಸರ ಆಗುತ್ತದೆ. 2010ರ ಮೇ 22. ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕೆಳಗೆ ಬಿದ್ದದ್ದು. 158 ಜನ ಹೋದರು. ನಮ್ಮ ಕಾಸರಗೋಡಿನ ಎಷ್ಟೋ ಮನೆಗಳು ಅದರಲ್ಲಿದ್ದವು. ನಮ್ಮ ಬೀದಿಯಲ್ಲೂ ಒಂದು ಮನೆ. ತನಿಖೆಯಲ್ಲಿ ಬಂದದ್ದೇನು? ಹಿರಿಯ ಪೈಲಟ್ ದಾರಿಯಲ್ಲಿ ತುಂಬಾ ಹೊತ್ತು ನಿದ್ದೆ ಮಾಡಿದ್ದರು. ಕೊನೆಗೆ ಇಳಿಯುವಾಗ ಸಹ ಪೈಲಟ್ ಮೂರು ಸಲ "ಗೋ ಅರೌಂಡ್" ಅಂದರು, ಇಳಿಸಬೇಡಿ, ಮತ್ತೆ ಮೇಲೆ ಹೋಗೋಣ ಅಂತ. ಹೇಳಿದರು. ಆದರೆ ಕಂಟ್ರೋಲ್ ತಮ್ಮ ಕೈಗೆ ತಗೊಳ್ಳಲಿಲ್ಲ.

ಡಬಲ್ ಬೆಲ್ ಅಣ್ಣಾ, ನೀವು ಹಗ್ಗ ಎಳೆದಿರಿ. ಡ್ರೈವರ್ ನಿಮಗಿಂತ ಹಿರಿಯರು, ಆದರೂ ಕಿರುಚಿದಿರಿ. ಆ ಧೈರ್ಯ ಎಲ್ಲ ಬಸ್ಸಿನಲ್ಲೂ ಇರುವುದಿಲ್ಲ.

ಡಬಲ್ ಬೆಲ್

ಧೈರ್ಯ ಎಂತದ್ದೂ ಅಲ್ಲ, ಹೆದರಿ ಎಳೆದದ್ದು. ಆದರೆ ಅಣ್ಣ ಆಮೇಲೆ ಚಾ ಅಂಗಡಿಯಲ್ಲಿ ನನ್ನ ಕೈ ಹಿಡಿದುಕೊಂಡು ಸುಮ್ನೆ ಕೂತಿದ್ದರು. ಅದು ಮರೆಯುವುದಿಲ್ಲ.

ಕುಂಬಳೆ ಪ್ಯಾಸೆಂಜರ್

ಮೊದಲು ಬರೆದದ್ದಕ್ಕೆ ಬೇಜಾರು ಮಾಡಬೇಡಿ. 2025ರ ಆಗಸ್ಟಿನಲ್ಲಿ ತಲಪಾಡಿಯಲ್ಲಿ ಬಸ್ಸು ಗುದ್ದಿ ಜನ ಸತ್ತಾಗ ನಮ್ಮ ವಾಟ್ಸಾಪಿನಲ್ಲಿ ದಿನವಿಡೀ ಒಂದೇ ಜಗಳ, ಬ್ರೇಕಾ ಡ್ರೈವರಾ ಅಂತ. ಅದರ ಹಿಂದೆ ಇಷ್ಟೆಲ್ಲ ಇರಬಹುದು ಅಂತ ನಾನೂ ಯೋಚನೆ ಮಾಡಿದವನಲ್ಲ. ನಾಳೆಯಿಂದ ಲೇಟಾದರೆ ಕಂಡಕ್ಟರಿಗೆ ಬೈಯುವುದಿಲ್ಲ ಅಂತ ಭಾಷೆ ಕೊಡಲಾರೆ. ಸ್ವಲ್ಪ ಕಡಿಮೆ ಬೈಯುತ್ತೇನೆ.

ಡಬಲ್ ಬೆಲ್ (ಎರಡೂವರೆ ತಿಂಗಳ ನಂತರ)

ಹಳೆಯ ಚರ್ಚೆಯನ್ನು ಮೇಲೆ ತರುತ್ತಿದ್ದೇನೆ. ಹೇಳಲು ವಿಷಯ ಉಂಟು.

ಹೊಸಂಗಡಿಯವರು ನಾಸಾದ ಮಾತು ಹೇಳಿದರಲ್ಲ, ದಂಡ ಹಾಕುವವರ ಕೈಗೆ ಹೋಗಬಾರದು ಅಂತ. ನಮಗೆ ನಾಸಾ ಇಲ್ಲ. ಡಿಪೋ ಎದುರು ಚಾ ಅಂಗಡಿ ಉಂಟು. ಅಲ್ಲಿ ಒಂದು ನೂರು ಪುಟದ ನೋಟು ಪುಸ್ತಕ ಇಟ್ಟೆವು. ಹೆಸರು "ಕೂದಲೆಳೆ ಪುಸ್ತಕ". ಬರೆದವರ ಹೆಸರು ಬೇಡ, ಬಸ್ಸಿನ ನಂಬರ್ ಬೇಡ, ಯಾವ ದಿನ ಅಂತಲೂ ಬೇಡ. ಎಲ್ಲಿ, ಯಾವ ಹೊತ್ತು, ಏನಾಗುವುದರಲ್ಲಿತ್ತು, ಇಷ್ಟು ಸಾಕು. ಕನ್ನಡ, ಮಲಯಾಳ, ತುಳುವನ್ನು ಕನ್ನಡ ಅಕ್ಷರದಲ್ಲಿ, ಏನೂ ಆಗಬಹುದು. ಬರೆಯಲು ಮನಸ್ಸಿಲ್ಲದವರು ಅಂಗಡಿಯವರ ಹತ್ತಿರ ಹೇಳಿದರೆ ಅವರ ಮಗಳು ಬರೆಯುತ್ತಾಳೆ.

ಮೊದಲ ವಾರ ಎರಡೇ ಬರಹ. ಒಂದು ನನ್ನದು. ಇನ್ನೊಂದರಲ್ಲಿ ಯಾರೋ "ಚಾಕ್ಕೆ ಸಕ್ಕರೆ ಜಾಸ್ತಿ, ಶುಗರ್ ಬಂದು ಸಾಯುವುದರಲ್ಲಿದ್ದೆ" ಅಂತ ಬರೆದಿದ್ದರು. ಆಮೇಲೆ ನಿಧಾನವಾಗಿ ತುಂಬಿತು.

ತಿಂಗಳ ಕೊನೆಗೆ ಕೂತು ಓದಿದರೆ ಆಶ್ಚರ್ಯ. ರಾಷ್ಟ್ರೀಯ ಹೆದ್ದಾರಿ 66ರ ಕೆಲಸ ನಡೆಯುವ ಕಡೆ, ಸರ್ವಿಸ್ ರಸ್ತೆಗೆ ಇಳಿಯುವ ಒಂದೇ ಜಾಗದ ಬಗ್ಗೆ ಆರು ಜನ ಬರೆದಿದ್ದಾರೆ. ಆರೂ ಬೇರೆ ಬೇರೆ ಕೈಬರಹ. ರಾತ್ರಿ ಮಳೆಯಲ್ಲಿ ಆ ಕಾಂಕ್ರೀಟ್ ಕಟ್ಟೆ ಕಾಣುವುದೇ ಇಲ್ಲ ಅಂತ. ಪ್ರತಿಯೊಬ್ಬನೂ ತನ್ನ ಕಣ್ಣಿನ ದೋಷ ಅಂದುಕೊಂಡಿದ್ದ! ಒಬ್ಬರಂತೂ ಕನ್ನಡಕವನ್ನೇ ಬದಲಾಯಿಸಿದ್ದರು.

ಪುಸ್ತಕ ಹಿಡಿದು ಡಿಪೋ ಒಳಗೆ ಹೋಗಲು ನಮಗೆ ಧೈರ್ಯ ಬರಲಿಲ್ಲ. ಕಂಟ್ರೋಲರ್ ಸಾರ್ ಹೋದರು. ಅವರು ಈ ಚರ್ಚೆಯ ಕಂಟ್ರೋಲರ್ ಸಾರೇ, ನಮ್ಮ ಊರಿನವರೇ ಅಂತ ಆಮೇಲೆ ಗೊತ್ತಾಯಿತು. ಮುಂದಿನದು ಅವರೇ ಹೇಳಲಿ.

ನಿವೃತ್ತ ಕಂಟ್ರೋಲರ್

ದೊಡ್ಡದೇನೂ ಮಾಡಲಿಲ್ಲ. ಈಗಿನ ಡಿಪೋ ಮುಖ್ಯಸ್ಥರು ನನ್ನ ಕೈಕೆಳಗೆ ಕೆಲಸ ಕಲಿತವರು. ಪುಸ್ತಕ ಕೊಡಲಿಲ್ಲ, ಓದಿ ಹೇಳಿದೆ. ಮೊದಲು ಅವರು ಕೇಳಿದ್ದು, "ಇದನ್ನು ಬರೆದದ್ದು ಯಾರು?" ನಾನು ಎದ್ದು ನಿಂತೆ. "ಅದು ಕೇಳುವುದಾದರೆ ನಾನು ಹೊರಟೆ" ಅಂದೆ. ಕೂರಿಸಿದರು.

ರಸ್ತೆ ಕೆಲಸದವರಿಗೆ ಕಾಗದ ಹೋಯಿತು. ಹನ್ನೊಂದು ದಿನದಲ್ಲಿ ಆ ಕಟ್ಟೆಗೆ ಕೆಂಪು ದೀಪ ಬಂತು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ರಾತ್ರಿ ಡ್ಯೂಟಿಯವರಿಗೆ ಫೋನ್ ಮಾಡಬಾರದು ಅಂತ ಡ್ಯೂಟಿ ಟೇಬಲ್ ಮೇಲೆ ಚೀಟಿ ಅಂಟಿಸಿದ್ದಾರೆ. ಎಷ್ಟು ದಿನ ಇರುತ್ತದೆ ನೋಡುವ. ಬ್ರೇಕ್ ಲೈನರಿನ ಮಾತು ಎತ್ತಿದಾಗ ಮಾತ್ರ ಅವರು ಕಿಟಕಿಯ ಹೊರಗೆ ನೋಡಿದರು. ಅದು ಅವರ ಕೈಯಲ್ಲಿಲ್ಲ.

ಸ್ಪ್ಯಾನರ್ ಹದಿನಾಲ್ಕು

24 ವೋಲ್ಟಿನ ಎರಡು ಕೈದೀಪ ಬಂದಿದೆ. ಗುಂಡಿಯ ನೀರು ಹಾಗೆಯೇ. ಈಗ ನೀರು ಚೆನ್ನಾಗಿ ಕಾಣುತ್ತದೆ.

ಮನೆಯವಳು

ಇವತ್ತು ಎರಡೂವರೆವರೆಗೆ ಮಲಗಿದ್ದರು. ನಾನೇ ಹೆದರಿ ಒಂದು ಸಲ ಉಸಿರು ನೋಡಿ ಬಂದೆ.

ಪೆರ್ಲದ ಅಕ್ಕ

ನನ್ನ ಟ್ರಿಪ್ ಮುಗಿಯುವ ಜಾಗ ಒಂದು ಕಿಲೋಮೀಟರ್ ಹಿಂದಕ್ಕೆ ಮಾಡಬಹುದಾ ಅಂತ ಅರ್ಜಿ ಕೊಟ್ಟಿದ್ದೇನೆ. ಅಲ್ಲಿ ಪಂಚಾಯತ್ ಶೌಚಾಲಯ ಉಂಟು, ಬೀಗ ಹಾಕಿರುತ್ತಾರೆ. ಬೀಗದ ಕೈ ಯಾರ ಹತ್ತಿರ ಅಂತ ಹುಡುಕುತ್ತಾ ಇದ್ದೇನೆ. ಚಪ್ಪಲಿಯ ವಿಷಯ ಪುಸ್ತಕದಲ್ಲಿ ಬರೆದೆ. ಅದರ ಕೆಳಗೆ ಬೇರೆ ಯಾರೋ "ನನಗೂ ಆಗಿದೆ, ಎರಡು ಸಲ" ಅಂತ ಬರೆದಿದ್ದಾರೆ. ಯಾರು ಅಂತ ಗೊತ್ತಿಲ್ಲ.

ಡಬಲ್ ಬೆಲ್

ಪುಸ್ತಕದಲ್ಲಿ ಇನ್ನು ನಾಲ್ಕು ಪುಟ ಉಳಿದಿದೆ. ಬದಿಯಡ್ಕ ಭಾವಾ, ನಾಳೆ ಪೇಟೆಗೆ ಹೋಗುವುದಿದ್ದರೆ ಇನ್ನೊಂದು ತರುತ್ತೀರಾ? ಇನ್ನೂರು ಪುಟದ್ದು.

ಬದಿಯಡ್ಕ ಭಾವ

ತರುತ್ತೇನೆ. ಪೆನ್ನಿಗೆ ದಾರ ಕಟ್ಟಿಡಲು ಹೇಳಿ, ಹೋದ ಸಲದ್ದನ್ನು ಯಾರೋ ಕಿಸೆಗೆ ಹಾಕಿಕೊಂಡು ಹೋಗಿದ್ದಾರೆ.